ಮುಟ್ಟಿದ ತಲೆ, ಹಾಕಿದ ಸಹಿ

ನಮ್ಮ ಟೀ ಗಿಡಗಳನ್ನು ಕಡಿದದ್ದು ಹಾಡಹಗಲಿನಲ್ಲಿ. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಮೂವರು ಗಂಡಸರು ಕವಾತು ಕತ್ತಿ ಹಿಡಿದು ಮನೆಯ ಮೇಲಿನ ಸಾಲಿಗೆ ಇಳಿದರು. ಕವಾತು ಮಾಡುವವನು ಗಿಡ ಮತ್ತೆ ಚಿಗುರಲೆಂದು ಎತ್ತರ ನೋಡಿ, ಓರೆಯಾಗಿ ಕತ್ತರಿಸುತ್ತಾನೆ. ಇವರು ಬುಡದ ಗಂಟಿಗೇ ಹೊಡೆದರು. ಹಳೆಯ ಗಿಡದ ಬುಡ ಒಂದೇಟಿಗೆ ಬೀಳುವುದಿಲ್ಲ. ಒಂದೊಂದಕ್ಕೂ ನಾಲ್ಕೈದು ಏಟು ಬೇಕಾಯಿತು. ಮೂರು ಸಾಲು ಮುಗಿಯುವವರೆಗೂ ಅವರಲ್ಲಿ ಒಬ್ಬನೂ ತಲೆ ಎತ್ತಿ ಸುತ್ತ ನೋಡಲಿಲ್ಲ. ಯಾರಾದರೂ ಬಂದಾರೆಂಬ ಅಂಜಿಕೆಯೇ ಅವರಿಗಿರಲಿಲ್ಲ. ಕೊನೆಗೆ ಒಬ್ಬ ನಮ್ಮ ಅಂಗಳಕ್ಕೆ ಬಂದು, ತಂತಿಯ ಮೇಲೆ ಒಣಗುತ್ತಿದ್ದ ಸೀರೆಯ ಸೆರಗಿಗೆ ಕತ್ತಿಯನ್ನು ಒರೆಸಿ, ಕಿಟಕಿಯತ್ತ ತಿರುಗಿದ.

“ದೊಡ್ಡವ್ವೆ, ನೋಡ್ತಾ ಇದ್ದೆಯಾ? ನೋಡ್ಕೊ, ನೋಡ್ಕೊ. ನಾಳೆ ನಿಂಗ ನಾದಿನಿಗೂ ತೋರ್ಸು.”

ಅವನು ಹೊರಗಿನವನಲ್ಲ. ನಮ್ಮ ಹಟ್ಟಿಯವನೇ. ನಮ್ಮ ವಾರ್ಡಿನ ಕೌನ್ಸಿಲರ್‌ನ ತಮ್ಮನ ಮಗ, ಕಲ್ಲಟ್ಟಿ ಜಲಪಾತಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪಿನ ಡ್ರೈವರ್. ಮೂವತ್ತು ದಾಟಿದ ಗಂಡಸು. ಅವನು ಹುಟ್ಟಿದ ದಿನ ಅವನ ತಾಯಿಗೆ ನೀರು ಕಾಯಿಸಿ ಕೊಟ್ಟವಳು ನಾನು. ಅವನ ತಾಯಿಯೂ ನಾನೂ ಮೂವತ್ತು ವರ್ಷ ಮುಯ್ಯಾಳು ಮಾಡಿದವರು. ಒಂದು ವಾರ ಅವಳ ತೋಟದಲ್ಲಿ ನಾನು ಎಲೆ ಕೀಳುವುದು, ಮುಂದಿನ ವಾರ ನಮ್ಮ ತೋಟದಲ್ಲಿ ಅವಳು.

ಆ ಸೀರೆ ನನ್ನ ನಾದಿನಿಯದು. ನಮ್ಮ ಕಡೆಯವರು ಚಿಕ್ಕಜ್ಜಿ ಎನ್ನುವುದನ್ನು ನೀವು ಚಿಕ್ಕ ಹೆತ್ತೆ ಎಂದು ಕರೆಯುತ್ತೀರಲ್ಲ, ಅವಳದು. ಹಿಂದಿನ ದಿನ ಅವಳು ನಗರಸಭೆಯ ಚುನಾವಣೆಗೆ ನಾಮಪತ್ರ ಕೊಟ್ಟು ಬಂದಿದ್ದಳು. ಆ ನಾಮಪತ್ರದಲ್ಲಿ ಸೂಚಕರ ಜಾಗದಲ್ಲಿ ಇದ್ದದ್ದು ನನ್ನ ಸಹಿ.

ಮೊಮ್ಮಕ್ಕಳೇ, ತುಮ್ಮನಟ್ಟಿಯ ನಿಮ್ಮ ಮನೆಯ ಸುತ್ತ ಜನ ನನ್ನ ಬಗ್ಗೆ ಏನೇನೋ ಹೇಳುವುದನ್ನು ನೀವು ಕೇಳಿದ್ದೀರಿ. ಹೋದ ಸಲ ಬಂದಾಗ ನಿಮ್ಮಲ್ಲಿ ದೊಡ್ಡವಳು ನನ್ನನ್ನು ಕೇಳಲು ಬಾಯಿ ತೆರೆದು ಸುಮ್ಮನಾದಳು. ನನಗೆ ಎದುರಿಗೆ ಕೂತು ಹೇಳಲು ಬರುವುದಿಲ್ಲ. ನಾನು ಗುಂಡ್ಲುಪೇಟೆ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಿಮಗೆ ರಜೆಯಲ್ಲಿ ಕನ್ನಡ ಅಕ್ಷರ ಕಲಿಸಿದ್ದೂ ನಾನೇ. ಹಾಗಾಗಿ ಬರೆಯುತ್ತೇನೆ.

ನಿಮ್ಮ ಚಿಕ್ಕ ಹೆತ್ತೆ ಮದುವೆಯಾಗಲಿಲ್ಲ. ಇಪ್ಪತ್ತೈದು ವರ್ಷದಿಂದ ಅವಳು ಮಾಡಿದ್ದು ಊರಿನ ಕೆಲಸ. ಹಟ್ಟಿಗೆ ಬಸ್ಸು ಬರಲಿಲ್ಲವೆಂದು ಖಾಲಿ ಕೊಡ ಇಟ್ಟುಕೊಂಡು ರಸ್ತೆಯಲ್ಲಿ ಕೂತಳು, ಬಸ್ಸು ಬಂತು. ಖಾಲಿ ಕೊಡಕ್ಕೂ ಬಸ್ಸಿಗೂ ಏನು ಸಂಬಂಧ ಎಂದು ಯಾರೋ ಕೇಳಿದ್ದಕ್ಕೆ, “ನೀರಿಗೂ ಸೇರಿಸಿ ಕೂತಿದ್ದೇನೆ, ಮತ್ತೆ ಮತ್ತೆ ಬರೋಕೆ ನನಗೆ ಪುರುಸೊತ್ತಿಲ್ಲ” ಎಂದಳು. ಮಣ್ಣು ಕುಸಿದು ಎರಡು ಮನೆ ಹೋದ ವರ್ಷ ಜೆಸಿಬಿಯ ಮುಂದೆ ನಿಂತು ತಡೆಗೋಡೆ ಕಟ್ಟಿಸಿದಳು. ಹಟ್ಟಿಯ ಅಂಚಿನಲ್ಲಿ ಕಳ್ಳತನದಲ್ಲಿ ಸಾರಾಯಿ ಮಾರುತ್ತಿದ್ದವನ ಬಾಟಲಿಗಳನ್ನು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಒಡೆದು ಬಂದಳು. ಅವಳ ಹತ್ತಿರ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಅದರ ತುಂಬ ಅವಳು ಕೊಟ್ಟ ಅರ್ಜಿಗಳ ನಕಲು, ಆಫೀಸಿನ ಮುದ್ರೆ ಬಿದ್ದವು.

ಕೌನ್ಸಿಲರ್ ನಮ್ಮ ಹಟ್ಟಿಯ ಮೇಲಿನ ಒರತೆಗೆ ಪೈಪು ಹಾಕಿ ನೀರನ್ನು ಗುಡ್ಡದಾಚೆಯ ಹೊಸ ರೆಸಾರ್ಟಿಗೆ ತಿರುಗಿಸಿದಾಗ ಇವಳು ಕೊಟ್ಟ ಅರ್ಜಿಗೆ ಮುದ್ರೆಯೂ ಬೀಳಲಿಲ್ಲ. ಅಷ್ಟರಲ್ಲಿ ಚುನಾವಣೆ ಬಂತು. ವಾರ್ಡು ಹೆಂಗಸರಿಗೆ ಮೀಸಲಾಯಿತು. ಕೌನ್ಸಿಲರ್ ತನ್ನ ಹೆಂಡತಿಯನ್ನು ನಿಲ್ಲಿಸಿದ. ಇವಳು, “ಅರ್ಜಿ ತಗೊಳ್ಳೋ ಕುರ್ಚಿಯಲ್ಲೇ ಹೋಗಿ ಕೂತ್ಕೊಳ್ತೇನೆ, ಆಗ ಮುದ್ರೆ ನಾನೇ ಹಾಕ್ಕೊಳ್ಬಹುದು” ಎಂದು ತಾನೂ ನಿಂತಳು. ಯಾವ ಪಕ್ಷವೂ ಅವಳ ಹಿಂದೆ ಇರಲಿಲ್ಲ.

ನಿಲ್ಲಬೇಕಾದರೆ ಅದೇ ವಾರ್ಡಿನ ಮತದಾರರೊಬ್ಬರು ಸೂಚಕರಾಗಿ ಸಹಿ ಹಾಕಬೇಕು. ಅವಳು ಎಂಟು ಮನೆ ಹತ್ತಿಳಿದಳು. ಒಬ್ಬರ ಮಗನಿಗೆ ಕೌನ್ಸಿಲರ್ ಹತ್ತಿರ ಕೆಲಸ. ಒಬ್ಬರ ಕನ್ನಡಕ ಒಡೆದಿತ್ತು. ಒಬ್ಬ ಅಣ್ಣನಂತೂ, “ಸಹಿ ಹಾಕೋದೇ ಮರೆತು ಹೋಗಿದೆ, ತಂಗೆ” ಎಂದನಂತೆ. “ಮೊನ್ನೆ ಬ್ಯಾಂಕಿನಲ್ಲಿ ನೆನಪಿತ್ತಲ್ಲ, ಅಣ್ಣ?” ಎಂದು ಕೇಳಿ ಬಂದಿದ್ದಳು. ಒಲೆಯ ಮುಂದೆ ಕೂತು ನಗುತ್ತಾ ಹೇಳಿದಳು. ಆದರೆ ಆ ನಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

“ನಾನು ಹಾಕಿದರೆ ಆಗುತ್ತಾ?” ಎಂದೆ.

“ನೀನಾ, ಅತ್ತಿಗೆ? ಪೋಸ್ಟ್‌ಮ್ಯಾನ್ ಬಂದರೆ ಬಾಗಿಲ ಹಿಂದೆ ನಿಲ್ಲುವವಳು.”

“ಸಹಿ ಹಾಕೋಕೆ ಮಾತಾಡಬೇಕಾ?”

“ಬೇಡ.”

“ಸರಿ ಮತ್ತೆ. ಅದರಲ್ಲಿ ಏನು ಬರೆದಿದೆ, ಓದಿ ಹೇಳು.”

ಈ ಬೆಟ್ಟದ ಸರ್ಕಾರಿ ಕಾಗದವೆಲ್ಲ ತಮಿಳಿನಲ್ಲಿ. ತಮಿಳು ನನಗೆ ಮಾತಿನಲ್ಲಿ ತಿಳಿಯುತ್ತದೆ, ಓದಲು ಬಾರದು. ಅವಳು ಓದಿ ಹೇಳಿದಳು. ಇನ್ನೊಂದು ಸಲ ಓದಿಸಿ ಕೇಳಿ, ಕನ್ನಡದಲ್ಲಿ ಸಹಿ ಮಾಡಿದೆ.

ನಾನು ಯಾಕೆ ಹಾಕಿದೆ ಎಂಬುದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಈ ಪುಸ್ತಕ ಮುಚ್ಚಿಟ್ಟಿದ್ದೆ. ನಿಮ್ಮ ಹೆತ್ತಪ್ಪ, ನನ್ನ ಗಂಡ, ನನ್ನನ್ನು ಹೊಡೆಯುತ್ತಿದ್ದರು. ಅವರು ಸತ್ತು ಒಂಬತ್ತು ವರ್ಷವಾಯಿತು, ಗೋಡೆಯ ಮೇಲೆ ಅವರ ಫೋಟೋಗೆ ನೀವೇ ಹೂವು ಹಾಕುತ್ತೀರಿ, ಹಾಕಿ. ಹೊಡೆಯುತ್ತಿದ್ದದ್ದೂ ನಿಜ. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದರು. ಒಂದು ದಿನ ಒಲೆಯಿಂದ ಉರಿಯುವ ಕೊಳ್ಳಿಯನ್ನೇ ಎಳೆದುಕೊಂಡು ಬಂದರು. ನಿಮ್ಮ ಅಮ್ಮ ಆಗ ನನ್ನ ಹೊಟ್ಟೆಯಲ್ಲಿದ್ದಳು. ನಾದಿನಿಗೆ ಇಪ್ಪತ್ತೋ ಇಪ್ಪತ್ತೊಂದೋ. ಅವಳು ಮಧ್ಯೆ ಬಂದು ಆ ಕೊಳ್ಳಿಯನ್ನು ಉರಿಯುವ ತುದಿಯಲ್ಲೇ ಹಿಡಿದುಕೊಂಡಳು. ಚರ್ಮ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಅವಳು ಬಿಡಲಿಲ್ಲ. “ಇನ್ನೊಂದು ಏಟು ಬಿದ್ದರೆ ಇದನ್ನ ನಿನ್ನ ಬಾಯಿಗೆ ಇಡ್ತೇನೆ, ಅಣ್ಣ” ಎಂದಳು. ಅವಳು ಮನೆಯಲ್ಲಿದ್ದಾಗ ಅವರು ಮತ್ತೆ ಕೈ ಎತ್ತಲಿಲ್ಲ. ಇಲ್ಲದಾಗ ಎತ್ತುತ್ತಿದ್ದರು. ಅವಳು ಮದುವೆ ಬೇಡವೆಂದದ್ದಕ್ಕೆ ಇದೂ ಒಂದು ಕಾರಣವೋ ಏನೋ, ನಾನು ಕೇಳಿಲ್ಲ.

ಗಿಡ ಕಡಿದ ಮರುದಿನ ಬೆಳಿಗ್ಗೆ ನಾನು ಎಲೆಯ ಮೂಟೆ ತಲೆಯ ಮೇಲಿಟ್ಟುಕೊಂಡು ಶೆಡ್ಡಿಗೆ ಹೊರಟಿದ್ದೆ. ಫ್ಯಾಕ್ಟರಿಯ ಲಾರಿ ಅಲ್ಲಿಗೆ ಬಂದು ತೂಕ ಹಾಕಿಕೊಂಡು ಹೋಗುತ್ತದೆ. ದಾರಿ ತಿರುಗುವಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ, ಅದೇ ಮೂವರು ನಿಂತಿದ್ದರು. ಕೌನ್ಸಿಲರ್‌ನ ತಮ್ಮನ ಮಗನ ಕೈಯಲ್ಲಿ ಒಂದು ಕಾಗದ. ಮಾತು ಮೆತ್ತಗಿತ್ತು.

“ದೊಡ್ಡವ್ವೆ, ಇದಕ್ಕೊಂದು ಸಹಿ ಹಾಕು. ‘ಆ ಸಹಿ ಎನ್ನದಲ್ಲ’, ಅಷ್ಟೇ ಇರೋದು. ಮೂಟೆ ನಾನೇ ಶೆಡ್ಡಿಗೆ ಹೊತ್ತು ಕೊಡ್ತೇನೆ.”

ನಾನು ಮಾತಾಡಲಿಲ್ಲ. ಧೈರ್ಯದಿಂದ ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಹೊಡೆಯುವವರ ಮುಂದೆ ಸುಮ್ಮನೆ ನಿಲ್ಲುವುದು ನನಗೆ ಅಭ್ಯಾಸ.

“ಕಿವಿ ಕೇಳ್ಸಲ್ವಾ?” ಎಂದ ಇನ್ನೊಬ್ಬ.

“ಕೇಳ್ಸುತ್ತೆ, ಕೇಳ್ಸುತ್ತೆ. ನಾದಿನಿ ಮಾತು ಮಾತ್ರ ಕೇಳ್ಸುತ್ತೆ.”

ಮೂಟೆಯನ್ನು ತಳ್ಳಿದರು. ಗಂಟು ಬಿಚ್ಚಿ ಎಲೆಯೆಲ್ಲ ಇಳಿಜಾರಿನಲ್ಲಿ ಚೆಲ್ಲಿತು. ಬಗ್ಗಿ ಬಾಚಿಕೊಳ್ಳಲು ಹೋದಾಗ ಒಬ್ಬ ಕೂದಲು ಹಿಡಿದು ಎತ್ತಿದ, ಇನ್ನೊಬ್ಬ ನನ್ನ ಬಲಗೈಯನ್ನು ಎಳೆದು ದಾರಿಯ ಪಕ್ಕದ ಕಲ್ಲುಗೋಡೆಯ ಮೇಲೆ ಒತ್ತಿ ಹಿಡಿದ. ಬೆರಳುಗಳನ್ನು ಬಿಡಿಸಿ, ಕಾಗದದ ಮೇಲೆ ಇಟ್ಟು, ಪೆನ್ನು ತುರುಕಿದರು. ನಾನು ಪೆನ್ನು ಬಿಟ್ಟುಬಿಟ್ಟೆ. ಎರಡು ಸಲ ತುರುಕಿದರು, ಎರಡು ಸಲ ಬಿಟ್ಟೆ. ಆಗ ಕೌನ್ಸಿಲರ್‌ನ ತಮ್ಮನ ಮಗ ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ತಿರುಗಿಸಿ ಹಿಡಿದು, ಅದರ ಕಾವಿನಿಂದ ನನ್ನ ಮಣಿಕಟ್ಟಿನ ಮೇಲೆ ಹೊಡೆದ. ಮೊದಲ ಏಟಿಗೆ ಮೂಳೆ ಮುರಿದ ಶಬ್ದ ನನಗೇ ಕೇಳಿಸಿತು. ಹಸಿ ಕೊಂಬೆ ಮುರಿದ ಹಾಗಲ್ಲ, ಒಣ ಬಿಸ್ಕತ್ತು ಮುರಿದ ಹಾಗೆ. ಎರಡನೆಯ ಏಟಿಗೆ ಏನೂ ಕೇಳಿಸಲಿಲ್ಲ.

“ಸಹಿ ಹಾಕಲ್ಲ ಅಂದರೆ ಇನ್ನು ಯಾವುದಕ್ಕೂ ಹಾಕೋದು ಬೇಡ” ಎಂದ. ಆಮೇಲೆ, ಬುದ್ಧಿ ಹೇಳುವವನ ಹಾಗೆ, “ಆಸ್ಪತ್ರೆಯಲ್ಲಿ ಕಾಟಿ ಗುದ್ದಿತು ಅಂತ ಹೇಳು, ದೊಡ್ಡವ್ವೆ. ಫಾರೆಸ್ಟ್‌ನವರು ಪರಿಹಾರ ಕೊಡ್ತಾರೆ. ನಿನಗೇ ಲಾಭ.”

ಮೂವರೂ ನಕ್ಕರು. ನಮ್ಮ ತೋಟಗಳಿಗೆ ಕಾಡುಕೋಣ ನುಗ್ಗುವುದು ದಿನದ ಮಾತು, ಯಾರೂ ಅನುಮಾನ ಪಡುತ್ತಿರಲಿಲ್ಲ.

ಅಷ್ಟರಲ್ಲಿ ನಾದಿನಿ ಮೇಲಿನ ಸಾಲಿನಿಂದ ಓಡಿ ಬಂದಳು. ಅವಳ ಕೈಯಲ್ಲಿ ಎಲೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಕೂಗಲಿಲ್ಲ, ಬೈಯಲಿಲ್ಲ. ಬಂದವಳೇ ನನ್ನ ಕೂದಲು ಹಿಡಿದಿದ್ದವನ ತೋಳಿಗೆ ಹಾಕಿದಳು. ರಕ್ತ ನನ್ನ ಮುಖಕ್ಕೆ ಹಾರಿತು. ಅವನು ಅರಚಿಕೊಂಡು ಬಿಟ್ಟ. ಅವಳು ತಿರುಗಿ ಇನ್ನೊಬ್ಬನ ಮೇಲೆ ಹೋಗುವಾಗ ಗುದ್ದಲಿ ಹಿಡಿದಿದ್ದವನು ಹಿಂದಿನಿಂದ ಅವಳ ತಲೆಗೆ ಬೀಸಿದ. ಅವಳು ಮೊಣಕಾಲ ಮೇಲೆ ಕುಸಿದು, ಅವನ ಕಾಲನ್ನು ತಬ್ಬಿಕೊಂಡು ಮೀನಖಂಡವನ್ನು ಕಚ್ಚಿದಳು. ಕಚ್ಚಿ ಬಿಡಲಿಲ್ಲ. ಅವನು ಅವಳ ಕಿವಿಯ ಮೇಲೆ ಗುದ್ದುತ್ತಲೇ ಇದ್ದ, ಅವಳು ಕಚ್ಚಿಕೊಂಡೇ ಇದ್ದಳು. ಶೆಡ್ಡಿನ ಕಡೆಯಿಂದ ಲಾರಿಯ ಹಾರ್ನ್ ಕೇಳಿದ ಮೇಲೆ ಅವರು ಅವಳನ್ನು ಒದ್ದು ಬಿಡಿಸಿಕೊಂಡು ಓಡಿದರು. ಅವಳ ಎಡಗಿವಿ ಇವತ್ತಿಗೂ ಕೇಳುವುದಿಲ್ಲ. ಅದಕ್ಕೇ ನೀವು ಆ ಕಡೆ ಕೂತು ಕರೆದರೆ ಅವಳು ತಿರುಗುವುದಿಲ್ಲ, ಸಿಟ್ಟಿನಿಂದ ಅಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೈ ಹೇಗೆ ಮುರಿಯಿತೆಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು, “ಮೆಟ್ಟಿಲ ಮೇಲೆ ಬಿದ್ದೆ.” ಹೆತ್ತಪ್ಪನ ಕಾಲದಲ್ಲಿ ಹೇಳಿ ಹೇಳಿ ನಾಲಗೆಗೆ ಹತ್ತಿದ ಮಾತು. ಪಕ್ಕದ ಮಂಚದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದ ನಾದಿನಿ ನರ್ಸಿನ ಕೈ ತಳ್ಳಿ ಎದ್ದು ಕೂತಳು. “ಯಾವ ಮೆಟ್ಟಿಲು? ಆ ಮೆಟ್ಟಿಲ ಹೆಸರು ನಾನು ಹೇಳ್ತೇನೆ, ಬರ್ಕೊಳ್ಳಿ!” ಎಂದು ಕಿರುಚಿದಳು. ಪೊಲೀಸರು ಬಂದು ಬರೆದುಕೊಂಡರು. ನಾದಿನಿ ಹೇಳಿದಳು, ನಾನು ಹೌದೆಂದೆ. ಆದರೆ ಅವತ್ತು ಯಾರನ್ನೂ ಹಿಡಿಯಲಿಲ್ಲ.

ನಾಮಪತ್ರಗಳ ಪರಿಶೀಲನೆಗೆ ಆಗ ಎರಡು ದಿನ ಉಳಿದಿತ್ತು. ಅವತ್ತು ಆಫೀಸರ ಮುಂದೆ ನಾನು ಸಹಿ ನನ್ನದಲ್ಲ ಎಂದರೆ ನಾದಿನಿಯ ನಾಮಪತ್ರ ಬಿದ್ದುಹೋಗುತ್ತಿತ್ತು. ಬೇರೆ ನಾಮಪತ್ರ ಕೊಡಲು ಸಮಯ ಮುಗಿದಿತ್ತು. ಇಪ್ಪತ್ತೈದು ವರ್ಷದ ಅವಳ ಕೆಲಸ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಅದರ ನಡುವಿನ ದಿನ ನಾನು ಆ ತಪ್ಪು ಮಾಡಿದೆ.

ನಮ್ಮಲ್ಲಿ ಕಿರಿಯರು ಹಿರಿಯರನ್ನು ಕಂಡಾಗ ಕೈ ಮುಗಿಯುವುದಿಲ್ಲ, ತಲೆ ಬಾಗಿಸುತ್ತಾರೆ. ಹಿರಿಯರು ಆ ತಲೆಯನ್ನು ಮುಟ್ಟಿ ಬದುಕಿ ಬಾಳೆಂದು ಹರಸುತ್ತಾರೆ. ನಿಮಗೆ ಇದು ಉಸಿರಾಡಿದ ಹಾಗೆ. ನನಗೆ ಹಾಗಿರಲಿಲ್ಲ. ನಾನು ಕೆಳನಾಡಿನಿಂದ ಮದುವೆಯಾಗಿ ಬಂದ ದಿನ ಹಿರಿಯರ ಮುಂದೆ ನೆಟ್ಟಗೆ ನಿಂತಿದ್ದೆ. ಅತ್ತೆ ಹಿಂದಿನಿಂದ ನನ್ನ ಕತ್ತು ಹಿಡಿದು ಬಗ್ಗಿಸಿದರು. ಆ ಬೆರಳಿನ ಗುರುತು ಮೂರು ದಿನ ಇತ್ತು. ಆದರೆ ನಲವತ್ತು ವರ್ಷದಲ್ಲಿ ನನ್ನ ಕತ್ತೂ ಕಲಿಯಿತು, ವಯಸ್ಸಾದ ಮೇಲೆ ನನ್ನ ಕೈಯೂ ಕಲಿಯಿತು. ತಲೆ ಬಾಗಿದ್ದು ಕಂಡರೆ ಕೈ ಹೋಗುತ್ತದೆ. ಮತ್ತೊಂದು ಕಟ್ಟಳೆಯೂ ಇದೆ. ಜಗಳವಾಡಿದವರ ತಲೆಯನ್ನು ಒಮ್ಮೆ ಮುಟ್ಟಿದರೆ ಆ ಜಗಳ ಅಲ್ಲಿಗೆ ಮುಗಿದಂತೆ ನಮ್ಮ ಹಟ್ಟಿಯ ಲೆಕ್ಕ.

ಮಧ್ಯಾಹ್ನ ನಾದಿನಿ ಮಾತ್ರೆ ತಿಂದು ಒಳಗೆ ಮಲಗಿದ್ದಳು. ನಾನು ಹೊರಗಿನ ಕೋಣೆಯಲ್ಲಿ ಕೂತಿದ್ದೆ. ನನ್ನ ಮುಯ್ಯಾಳಿನ ಗೆಳತಿ, ನನ್ನ ಕೈ ಮುರಿದವನ ತಾಯಿ, ಅಳುತ್ತಾ ಒಳಗೆ ಬಂದಳು. ಅವಳ ಹಿಂದೆ ಊರ ಗೌಡರು. ಅವರ ಹಿಂದೆ ಅವನು.

“ಅಕ್ಕ, ಎಂಗ ಮನೆ ಹಾಳಾಗಿ ಹೋಗುತ್ತೆ. ಬುದ್ಧಿ ಇಲ್ಲದ ಮಗ. ನೀನೇ ಎತ್ತಿ ಆಡ್ಸಿದ ಮಗ” ಎಂದು ನನ್ನ ಕಾಲ ಬಳಿ ಕೂತಳು.

ನಾನು ಏನಾದರೂ ಹೇಳುವ ಮೊದಲೇ ಅವನು ಮುಂದೆ ಬಂದು ತಲೆ ಬಾಗಿಸಿದ. ಎಣ್ಣೆ ಹಚ್ಚಿ ಬಾಚಿದ ತಲೆ, ನಡುವೆ ಎರಡು ಸುಳಿ. ನನ್ನ ಬಲಗೈ ಪ್ಲಾಸ್ಟರಿನಲ್ಲಿ ಕುತ್ತಿಗೆಯಿಂದ ತೂಗುತ್ತಿತ್ತು. ಎಡಗೈ ಎದ್ದು ಹೋಗಿ ಆ ತಲೆಯನ್ನು ಮುಟ್ಟಿತು. “ಬದುಕಿ ಬಾಳು” ಎಂದೆ. ಅಂದ ಮೇಲೆ ನನಗೆ ಅರ್ಥವಾಯಿತು.

“ಮುಗೀತು” ಎಂದರು ಗೌಡರು. “ಇನ್ನು ಜಗಳ ಇಲ್ಲೆ, ಪೊಲೀಸ್ ಇಲ್ಲೆ. ನಾಳೆ ಆಫೀಸರ ಹತ್ತಿರ, ಗೊತ್ತಿಲ್ಲದೆ ಸಹಿ ಹಾಕಿದೆ ಅಂತ ಹೇಳಿಬಿಡಮ್ಮ. ತಲೆ ಮುಟ್ಟಿ ಮಾತು ತಪ್ಪಿದವರು ಈ ಹಟ್ಟಿಯಲ್ಲಿ ಇಲ್ಲಿವರೆಗೂ ಇಲ್ಲೆ.”

ಬಾಗಿಲಲ್ಲಿ ಒಬ್ಬ ಫೋನ್ ಎತ್ತಿ ಹಿಡಿದು ನಿಂತಿದ್ದ. ಎಲ್ಲವೂ ಅದರಲ್ಲಿ ಸೇರಿತ್ತು.

ಅವರು ಹೋದ ಸದ್ದಿಗೆ ನಾದಿನಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನಾನು ನಡೆದದ್ದನ್ನು ಹೇಳಿದೆ.

“ನಿನ್ನ ಕೈ ಮುರಿದವನ ತಲೆ ಮೇಲೆ ಕೈ ಇಟ್ಟೆಯಾ?”

“ಕೈ ತಾನೇ ಹೋಯ್ತು, ತಂಗೆ.”

“ನನ್ನ ಕೈಯೂ ತಾನೇ ಬಂದು ನಿನ್ನ ಕಪಾಳಕ್ಕೆ ಬಿದ್ದರೆ ಏನು ಮಾಡ್ತೀಯ?”

ಹೊಡೆಯಲಿಲ್ಲ. ಅದರ ಬದಲು ತನ್ನ ಪ್ಲಾಸ್ಟಿಕ್ ಚೀಲವನ್ನು ಎತ್ತಿ ಗೋಡೆಗೆ ಎಸೆದಳು. ಅರ್ಜಿಗಳೆಲ್ಲ ನೆಲದ ಮೇಲೆ ಹರಡಿದವು. ಅವಳು ಅವುಗಳ ನಡುವೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೊಲಿಗೆ ಎಳೆದು, ಕಟ್ಟಿದ ಬಟ್ಟೆಯ ಕೆಳಗಿಂದ ರಕ್ತ ಇಳಿದು ಹುಬ್ಬಿಗೆ ಬಂತು. ನಾನು ಒಂದೇ ಕೈಯಲ್ಲಿ ಕಾಗದ ಹೆಕ್ಕಿದೆ. ಸಂಜೆಯೊಳಗೆ ಆ ವಿಡಿಯೋ ಹಟ್ಟಿಯ ಎಲ್ಲ ಫೋನುಗಳಿಗೂ ಹೋಯಿತು. ಸ್ಟೇಷನ್ನಿನಿಂದ ಒಬ್ಬರು ಫೋನು ಮಾಡಿ, “ಸಮಾಧಾನ ಆಗಿದೆಯಂತಲ್ಲ, ಅಜ್ಜಿ? ಸಂತೋಷ” ಎಂದು ತಮಿಳಿನಲ್ಲಿ ಹೇಳಿ ಇಟ್ಟುಬಿಟ್ಟರು.

ಮರುದಿನ ಪರಿಶೀಲನೆಯ ಕೋಣೆಯಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ನಾನು ಅಷ್ಟು ಗಂಡಸರ ನಡುವೆ ಯಾವತ್ತೂ ಕೂತವಳಲ್ಲ. ಒಂದು ಕಡೆ ಗೌಡರು, ಅವರ ಪಕ್ಕ ನನ್ನ ಗೆಳತಿ, ಅವಳ ಪಕ್ಕ ಅವನು. ಇನ್ನೊಂದು ಕಡೆ ನಾದಿನಿ. ಬೆಳಿಗ್ಗೆಯಿಂದ ಅವಳು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಬಸ್ಸಿನಲ್ಲಿ ನನ್ನ ಟಿಕೆಟನ್ನೂ ಅವಳೇ ತೆಗೆದಳು, ಅಷ್ಟೇ.

ಅವಳ ಹೆಸರು ಬಂದಾಗ ಕೌನ್ಸಿಲರ್ ಕಡೆಯ ವಕೀಲ ಎದ್ದು ನಿಂತ. ಸೂಚಕಿ ಹಳ್ಳಿಯ ಮುದುಕಿ, ತಮಿಳು ಓದಲು ಬಾರದು, ಸಹಿ ಕನ್ನಡದಲ್ಲಿದೆ, ಏನೆಂದು ತಿಳಿಯದೆ ಹಾಕಿದ್ದಾಳೆ, ಈಗ ಊರ ಹಿರಿಯರ ಮುಂದೆ ಎಲ್ಲ ಮುಗಿದಿದೆ ಎಂದ. ಫೋನಿನಲ್ಲಿ ವಿಡಿಯೋ ತೋರಿಸಿದ. ನನ್ನ ಕೈ ಆ ತಲೆಯ ಮೇಲೆ ಹೋಗುವುದನ್ನು ಆಫೀಸರು ನೋಡಿದರು. ಆಮೇಲೆ ನನ್ನನ್ನು ಕರೆದರು. ಸಹಿ ಹೋಲಿಸಿ ನೋಡಲು ಇಲ್ಲೊಂದು ಸಹಿ ಹಾಕಿ ಎಂದರು. ನಾನು ಪ್ಲಾಸ್ಟರ್ ತೋರಿಸಿದೆ.

“ಹಾಗಾದರೆ ಬಾಯಲ್ಲಿ ಹೇಳಿ. ಈ ಸಹಿ ನಿಮ್ಮದಾ?”

ನನಗೆ ಉಚ್ಚೆ ಬಂದುಬಿಡುತ್ತದೆ ಎನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹಿಂದಿನಿಂದ ಗೌಡರು ಗಂಟಲು ಸರಿಮಾಡಿಕೊಂಡರು. ನನ್ನ ಗೆಳತಿ ಮೆಲ್ಲಗೆ, “ಅಕ್ಕ, ಮುಟ್ಟಿದ್ದೆಯಲ್ಲ” ಎಂದಳು.

“ನನ್ನದೇ” ಎಂದೆ.

“ಏನಕ್ಕೆ ಹಾಕಿದ್ದೆಂದು ಗೊತ್ತಾ?”

“ಗೊತ್ತು. ಎರಡು ಸಲ ಓದಿಸಿ ಕೇಳಿ ಹಾಕಿದೆ. ನನ್ನ ನಾದಿನಿ ನಿಲ್ಲಲಿ ಅಂತ ಹಾಕಿದೆ.”

ವಕೀಲ ಫೋನನ್ನು ನನ್ನ ಮುಖದ ಹತ್ತಿರ ತಂದ. “ಇದು ಯಾರ ಕೈ?”

“ಅದೂ ನನ್ನದೇ” ಎಂದೆ. ಆಮೇಲೆ ಯಾರೂ ಕೇಳದಿದ್ದರೂ ಬಾಯಿ ನಿಲ್ಲಲಿಲ್ಲ. ಅರ್ಧ ತಮಿಳು, ಅರ್ಧ ನಮ್ಮ ಮಾತು. “ಬದುಕಲಿ ಅಂತ ತಲೆ ಮುಟ್ಟಿದೆ. ಬದುಕಲಿ. ನನ್ನ ಕೈ ಮುರಿದವನು ಇವನೇ. ಇವಳ ತಲೆ ಒಡೆದವನೂ ಇವನೇ. ಗುದ್ದಲಿ ಕಾವಿನಲ್ಲಿ ಹೊಡೆದ. ಕಾಟಿ ಅಂತ ಹೇಳು ಅಂದ. ಕಾಟಿ ಅಲ್ಲ, ಇವನು.” ಎಡಗೈ ಎತ್ತಿ ಅವನನ್ನು ತೋರಿಸಿದೆ.

ಕೋಣೆಯಲ್ಲಿ ಗದ್ದಲವೆದ್ದಿತು. ಗೌಡರು ಎದ್ದು ಹೊರಗೆ ಹೋದರು. ಆಫೀಸರು ಮೇಜು ಬಡಿದು ಎಲ್ಲರನ್ನೂ ಕೂರಿಸಿ, ನಾಮಪತ್ರ ಸರಿಯಾಗಿದೆ ಎಂದು ಬರೆದರು. ನಾದಿನಿ ನನ್ನ ಕಡೆ ನೋಡಲಿಲ್ಲ. ನನ್ನ ಮುಂದಿದ್ದ ನೀರಿನ ಲೋಟ ಎತ್ತಿ ಪೂರ್ತಿ ಕುಡಿದು, “ಇಷ್ಟು ಮಾತು ಎಲ್ಲಿ ಇಟ್ಟಿದ್ದೆ, ಅತ್ತಿಗೆ?” ಎಂದಳು.

ನಾವು ಹತ್ತಿದ ಆಟೋ ಗೇಟು ದಾಟುವಾಗ ಕಲ್ಲು ಬಿತ್ತು. ಮೊದಲ ಕಲ್ಲಿಗೆ ಮುಂದಿನ ಗಾಜು ಪುಡಿಯಾಯಿತು, ಎರಡನೆಯದು ಡ್ರೈವರನ ದವಡೆಗೆ ಬಿತ್ತು. ಪಾಪ, ಅವನು ಬಾಡಿಗೆಗೆ ಬಂದವನು. ಬಾಯಿ ತುಂಬ ರಕ್ತ ಇಟ್ಟುಕೊಂಡೇ ಆಟೋವನ್ನು ನೇರ ಸ್ಟೇಷನ್ನಿಗೆ ಓಡಿಸಿದ. ಗೇಟಿನ ಕ್ಯಾಮೆರಾದಲ್ಲಿ ಕಲ್ಲು ಎಸೆದವರ ಮುಖ ಇತ್ತು. ಕೋಣೆಯಲ್ಲಿ ಹೇಳಿದ್ದನ್ನೇ ನಾನು ಸ್ಟೇಷನ್ನಿನಲ್ಲಿ ಇನ್ನೊಮ್ಮೆ ಹೇಳಿದೆ. ಅವತ್ತು ಸಂಜೆ ನನ್ನನ್ನು ಹೊಡೆದ ಮೂವರನ್ನೂ ಹಿಡಿದರು.

ಮುಂದಿನ ದಿನಗಳಲ್ಲಿ ನಾದಿನಿ ತಲೆಗೆ ಬ್ಯಾಂಡೇಜ್ ಕಟ್ಟಿಕೊಂಡೇ ಮನೆ ಮನೆ ಹತ್ತಿದಳು. “ನನಗೆ ಪೋಸ್ಟರ್ ಬೇಡ, ತಲೆ ಸಾಕು” ಎನ್ನುತ್ತಿದ್ದಳು. ಕೆಲವರು ಬಾಗಿಲು ಹಾಕಿಕೊಂಡರು. ಒಂದು ಮನೆಯವರು ಮೇಲಿನಿಂದ ಸಗಣಿ ನೀರು ಸುರಿದರು. ಗೌಡರು ಊರ ಪಂಚಾಯಿತಿ ಕೂರುವ ಸುತ್ತುಕಲ್ಲಿನ ಮೇಲೆ ಹಿರಿಯರನ್ನು ಕೂರಿಸಿ, ತಲೆ ಮುಟ್ಟಿ ಮಾತು ತಪ್ಪಿದವಳ ತೋಟಕ್ಕೆ ಯಾರೂ ಮುಯ್ಯಾಳು ಹೋಗಬಾರದೆಂದು ಹೇಳಿಸಿದರು. ಚಿಗುರು ಬಲಿತು ಗೇಣುದ್ದ ಬೆಳೆಯಿತು. ಒಂದು ಕೈಯಲ್ಲಿ ನಾನು ಎಷ್ಟು ಕೀಳಲಿ? ನಮ್ಮ ನಾಯಿ ವಿಷ ತಿಂದು ಅಂಗಳದಲ್ಲಿ ಒದ್ದಾಡಿ ಸತ್ತಿತು. ಅದನ್ನು ಹೂಳಲು ಗುಂಡಿ ತೋಡಿದ್ದೂ ನಾದಿನಿಯೇ. ತೋಡಿ, ಕೈ ತೊಳೆದುಕೊಂಡು, ಮತ್ತೆ ಓಟು ಕೇಳಲು ಹೋದಳು.

ಎಣಿಕೆಯ ದಿನ ನಾವಿಬ್ಬರೂ ಹೋದೆವು. ಗೆದ್ದವಳು ಮೂರನೆಯವಳು. ಪೇಟೆ ಬೀದಿಯ, ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಹೆಂಗಸು. ಕೌನ್ಸಿಲರ್‌ನ ಹೆಂಡತಿ ಸೋತಳು, ನಾದಿನಿಯೂ ಸೋತಳು. ಹಟ್ಟಿಗಳ ಓಟು ಇಬ್ಬರ ನಡುವೆ ಸೀಳಿ ಹೋಗಿತ್ತು. ನಾದಿನಿ ಆ ಹೆಂಗಸಿನ ಹತ್ತಿರ ಹೋಗಿ, “ಮೇಲಿನ ಒರತೆ ಗೊತ್ತಾ ನಿಂಗಗೆ? ನಾಳೆ ಬರ್ತೇನೆ, ಚೀಲ ಸಮೇತ” ಎಂದು ಹೇಳುತ್ತಿದ್ದಳು. ನಾನು ಗೇಟಿನ ಹೊರಗೆ ನಿಂತಿದ್ದೆ.

ನನ್ನ ಗೆಳತಿ ಜನರನ್ನು ಸರಿಸಿಕೊಂಡು ನನ್ನ ಕಡೆ ಬಂದಳು. ಅವಳ ಮಗ ಇನ್ನೂ ಜೈಲಿನಲ್ಲೇ ಇದ್ದ. ಅವಳು ಸೊರಗಿದ್ದಳು, ತಲೆಗೆ ಹೊದೆಯುವ ಬಿಳಿ ಬಟ್ಟೆ ಹೆಗಲ ಮೇಲೆ ಜಾರಿತ್ತು.

“ಅದೇ ಕೈಯಲ್ಲಿ ಹರಸಿ ಅದೇ ಕೈಯಲ್ಲಿ ಜೈಲಿಗೆ ತೋರಿಸಿದೆಯಲ್ಲ! ಎಂಗ ಅನ್ನ ಎಷ್ಟು ತಿಂದಿದ್ದೆ ನೀನು?” ಎಂದು ಕೆನ್ನೆಗೆ ಹೊಡೆದಳು.

ಕಣ್ಣು ಕತ್ತಲಾಯಿತು. ನಾನು ಸುಮ್ಮನೆ ನಿಲ್ಲುತ್ತೇನೆಂದು ಅವಳೂ ಅಂದುಕೊಂಡಿದ್ದಳು, ನಾನೂ ಅಂದುಕೊಂಡಿದ್ದೆ. ನನ್ನ ಎಡಗೈ ಅವಳ ಮುಖಕ್ಕೆ ಬಿತ್ತು. ಈ ಸಲ ಕೈ ತಾನೇ ಹೋಯಿತೆಂದು ಹೇಳುವುದಿಲ್ಲ. ನಾನು ನೋಡಿ ಹೊಡೆದೆ. ಅವಳ ಮೂಗುತಿ ಚುಚ್ಚಿ ರಕ್ತ ಬಂತು. ಅವಳು ಹಿಂದೆ ಸರಿದಳು, ನಾನು ಮುಂದೆ ಹೋಗಿ ಮತ್ತೆ ಹೊಡೆದೆ, ಮತ್ತೊಮ್ಮೆ ಹೊಡೆದೆ. ಹಟ್ಟಿಯಲ್ಲಿ ಒಂದೇಟು ಎನ್ನುತ್ತಾರೆ. ಒಂದಲ್ಲ, ಮೂರು. ಮೊದಲನೆಯದಕ್ಕೆ ಅವಳ ಏಟು ಕಾರಣ. ಉಳಿದೆರಡಕ್ಕೆ ಅವಳು ಏನೂ ಮಾಡಿರಲಿಲ್ಲ. ನಾದಿನಿ ಓಡಿ ಬಂದು ನನ್ನ ಸೊಂಟ ಹಿಡಿದು ಎಳೆದಳು. “ಅತ್ತಿಗೆ, ಸಾಕು, ಸಾಕು, ಅವಳು ಕೂತುಬಿಟ್ಟಿದ್ದಾಳೆ ನೋಡು” ಎಂದಳು. ಹೌದು, ಅವಳು ರಸ್ತೆಯ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ನನಗೆ ಹೋಗಿ ಎಬ್ಬಿಸಬೇಕೆನಿಸಿತು. ಹೋಗಲಿಲ್ಲ.

ಅವಳ ತೋಟ ನಮ್ಮ ತೋಟಕ್ಕೆ ತಾಗಿಯೇ ಇದೆ. ಈಗಲೂ ಇಬ್ಬರೂ ಒಂದೇ ಹೊತ್ತಿಗೆ ಎಲೆ ಕೀಳುತ್ತೇವೆ, ಅವಳ ಮುಖ ಆ ಕಡೆಗೆ, ನನ್ನ ಮುಖ ಈ ಕಡೆಗೆ. ಹಟ್ಟಿಯ ಮಕ್ಕಳು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಕೇಸು ಇನ್ನೂ ನಡೆಯುತ್ತಿದೆ. ಮುಂದಿನ ತಿಂಗಳು ಕೋರ್ಟಿಗೆ ಬರಬೇಕೆಂದು ಕಾಗದ ಬಂದಿದೆ. ಅಲ್ಲಿ ಅವಳೂ ಬಂದು ಕೂತಿರುತ್ತಾಳೆ. ಅವಳ ಮಗ ನನಗೆ ಮಾಡಿದ್ದನ್ನು ನಾನು ಹೇಳುತ್ತೇನೆ. ನಾನು ಅವಳಿಗೆ ಮಾಡಿದ್ದನ್ನು ಕೇಳಿದರೆ ಅದನ್ನೂ ಹೇಳುತ್ತೇನೆ, ಮೂರು ಏಟೆಂದೇ ಹೇಳುತ್ತೇನೆ.